ಕುರಿ ಮಾರಿ ಕೊಡ್ರಿ ಅಂತ ಯಾರೂ ಕೇಳಲ್ಲ

ಗೃಹಲಕ್ಷ್ಮಿ ಹಣ ಜಮೆಯಾದ ಸುದ್ದಿ ಹಬ್ಬಿದ ಒಂದು ಬೆಳಿಗ್ಗೆ, ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಬ್ಯಾಂಕ್ ಮಿತ್ರರ ಮೇಜಿನ ಪಕ್ಕದಲ್ಲಿ ಕೂತಿದ್ದೆ. ಐವತ್ತು ದಾಟಿದ ತಾಯಿಯೊಬ್ಬರ ಬೆರಳನ್ನು ಯಂತ್ರ ಎರಡು ಸಲ ಗುರುತಿಸಲಿಲ್ಲ. ಕಳೆ ಕಿತ್ತು, ಸೌದೆ ಮುರಿದು ಗೆರೆ ಸವೆದ ಬೆರಳು. ಆಕೆ ಸೆರಗಿನಿಂದ ಒರೆಸಿಕೊಂಡರು, ಎಣ್ಣೆ ಹಚ್ಚಿದ ತಲೆಗೆ ಒಮ್ಮೆ ಸವರಿಕೊಂಡರು, ಮೂರನೇ ಸಲ ಒತ್ತಿದರು. ಯಂತ್ರ ಒಪ್ಪಿತು.

“ಬಂದೈತೇನಪ್ಪಾ?”

“ಬಂದೈತೆ ಯವ್ವಾ, ಎರಡು ಸಾವಿರ.”

“ಹಂಗಾರ ಅಷ್ಟೂ ತೆಗೆದು ಕೊಟ್ಟುಬಿಡು.”

ಅದೇ ದಿನ ಸಂಜೆ ಅದೇ ತಾಯಿ ಸ್ವಸಹಾಯ ಸಂಘದ ಸಭೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಸೆರಗಿನ ಗಂಟು ಬಿಚ್ಚಿ ವಾರದ ಉಳಿತಾಯ ಇಟ್ಟರು, ಸಾಲದ ಕಂತು ಇಟ್ಟರು. ಪುಸ್ತಕ ಬರೆಯುವ ಹುಡುಗಿ ಹೆಸರು ಕೂಗಿ, ಮೊತ್ತ ಹೇಳಿ, ಎಲ್ಲರೆದುರು ಬರೆದಳು. ಆ ಹೆಸರಿನ ಮುಂದಿನ ಸಾಲಿನಲ್ಲಿ ಒಂದು ವಾರವೂ ಖಾಲಿ ಬಿಟ್ಟಿರಲಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಈ ತಾಯಿಗೆ ಉಳಿತಾಯದ ಅಭ್ಯಾಸವೇ ಇಲ್ಲ. ಖಾತೆ ಸದಾ ಖಾಲಿ. ಸಂಘದ ಲೆಕ್ಕದಲ್ಲಿ ಆಕೆಯಷ್ಟು ಶಿಸ್ತಿನವರು ಕಡಿಮೆ. ವ್ಯಕ್ತಿ ಒಬ್ಬರೇ, ರೊಕ್ಕವೂ ಅದೇ. ಹಾಗಾದರೆ ಬೆಳಿಗ್ಗೆಗೂ ಸಂಜೆಗೂ ಬದಲಾದದ್ದೇನು? ಹಣಕಾಸು ಸೇವೆಗಳನ್ನು ರೂಪಿಸುವವರು ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಇದು ಎಂದು ನಾನು ನಂಬಿದ್ದೇನೆ. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾದ ಮೇಲೆ ಖಾತೆ ಇಲ್ಲದ ಮನೆ ಹುಡುಕುವುದು ಕಷ್ಟವಾಗಿದೆ. ಖಾತೆ ಮನೆಮನೆಗೂ ಬಂತು. ಆ ಖಾತೆ ಮನೆಯವರ ಸ್ವಭಾವಕ್ಕೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ಬಾಕಿ ಉಳಿಯಿತು.

ಮೊದಲು ರೊಕ್ಕ ಬರುವ ದಾರಿಯನ್ನೇ ನೋಡೋಣ. ನಮ್ಮ ಈ ಸೀಮೆಯಲ್ಲಿ ಒಂದು ತಾಸು ಬಸ್ಸಿನಲ್ಲಿ ಕೂತರೆ ದುಡ್ಡಿನ ಪಂಚಾಂಗವೇ ಬದಲಾಗುತ್ತದೆ. ಕಂಪ್ಲಿಯಲ್ಲಿ ಭತ್ತ, ಕಬ್ಬು, ಬಾಳೆ. ತುಂಗಭದ್ರೆಯ ನೀರು ಕಾಲುವೆಗೆ ಬಂದರೆ ಬೆಳೆ, ಬೆಳೆ ಬಂದರೆ ದುಡ್ಡು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ, ಎರಡನೇ ಬೆಳೆಯನ್ನು ನಂಬಿ ಸಾಲ ಮಾಡಿದ್ದವರ ಎದೆ ಹೇಗೆ ಹೊಡೆದುಕೊಂಡಿತೆಂದು ಆ ಕಡೆಯವರಿಗೇ ಗೊತ್ತು. ಹಂಪಿಯಲ್ಲಿ ಆಟೊ ಓಡಿಸುವವರಿಗೆ, ಎಳನೀರು ಮಾರುವವರಿಗೆ ಚಳಿಗಾಲದ ಪ್ರವಾಸಿಗರೇ ಸುಗ್ಗಿ. ಬೇಸಿಗೆಯಲ್ಲಿ ಬಂಡೆಗಳ ಜೊತೆ ಅವರೂ ಕಾಯುತ್ತಾರೆ. ಸಂಡೂರಿನ ಗಣಿಯಲ್ಲಿ, ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸವಿರುವವರಿಗೆ ತಿಂಗಳ ಸಂಬಳ. ಬಂಡ್ರಿಯ ಮಳೆಯಾಶ್ರಿತ ಹೊಲದವರಿಗೆ ಮೆಕ್ಕೆಜೋಳವೋ ಶೇಂಗಾವೋ ಮಾರಿದಾಗ ಒಮ್ಮೆ ಕೈತುಂಬ, ಉಳಿದ ದಿನಗಳಲ್ಲಿ ಕೂಲಿ ಇದ್ದರೆ ಉಂಟು. ಈ ಭಾಗದ ತಾಂಡಾಗಳಿಂದ ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗುವ ಕುಟುಂಬಗಳಿಗೆ ಮುಂಗಡವೇ ವರ್ಷದ ದೊಡ್ಡ ಮೊತ್ತ.

ಇಷ್ಟು ಬಗೆಯ ಪಂಚಾಂಗಗಳಿಗೆ ನಾವು ಕೊಟ್ಟಿರುವುದು ಒಂದೇ ಕ್ಯಾಲೆಂಡರ್: ಪ್ರತಿ ತಿಂಗಳ ಇಂಥ ತಾರೀಖಿಗೆ ಇಷ್ಟು ಕಂತು. ಸಂಬಳದವರಿಗಾಗಿ ಹೊಲಿದ ಅಂಗಿಯನ್ನು ಎಲ್ಲರಿಗೂ ತೊಡಿಸಿ, ಹೊಂದದಿದ್ದಾಗ ಮೈಯನ್ನೇ ದೂರುತ್ತಿದ್ದೇವೆ.

ಕೈ ಖಾಲಿಯಾದಾಗ ಮನಸ್ಸಿಗೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ತಮಿಳುನಾಡಿನಲ್ಲೇ ನಡೆದ ಅಧ್ಯಯನವೊಂದಿದೆ. 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಸಂಶೋಧಕರು ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ದುಡ್ಡು ಬಂದ ಮೇಲೆ ಇನ್ನೊಮ್ಮೆ ಬುದ್ಧಿಶಕ್ತಿಯ ಪರೀಕ್ಷೆ ಕೊಟ್ಟರು. ಅದೇ ರೈತ, ಅದೇ ತಲೆ. ಆದರೆ ಕಟಾವಿಗೆ ಮುಂಚಿನ ಬಿಗಿ ದಿನಗಳಲ್ಲಿ ಗಮನ, ತರ್ಕ ಎರಡೂ ಕುಂದಿದ್ದವು. ಸೆಂಥಿಲ್ ಮುಲ್ಲೈನಾಥನ್, ಎಲ್ದರ್ ಶಫೀರ್ ಮತ್ತು ಜೊತೆಗಾರರ ಈ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಳೆಯ ಸಂತೆಗೆ ಏನು ಮಾಡುವುದು, ಸಂಘದ ಕಂತಿಗೆ ಯಾರನ್ನು ಕೇಳುವುದು ಎಂಬ ಲೆಕ್ಕವೇ ತಲೆ ತುಂಬಿದಾಗ ಬೇರೆ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಬಡವರು ತಪ್ಪು ನಿರ್ಧಾರ ಮಾಡುತ್ತಾರೆ ಎಂದು ಬೇಗ ಹೇಳಿಬಿಡುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬಿತ್ತನೆಯ ಗಡಿಬಿಡಿಯಲ್ಲಿ, ಹತ್ತು ಪುಟದ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸೇವೆ ಆ ಮನುಷ್ಯನ ಅತಿ ದುರ್ಬಲ ಗಳಿಗೆಯನ್ನೇ ಆರಿಸಿಕೊಂಡಿದೆ.

ಇನ್ನು ಉಳಿತಾಯ. ಬಂಡ್ರಿಯ ಹೊರವಲಯದಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು, ಶೇಂಗಾ ಮಾರಿದ ದುಡ್ಡನ್ನು ಬ್ಯಾಂಕಿಗೆ ಹಾಕುವ ಬದಲು ಕುರಿ ಯಾಕೆ ಕೊಳ್ಳುತ್ತೀರಿ ಎಂದು ಕೇಳಿದೆ. ಕುರಿಗೆ ರೋಗ ಬರಬಹುದು, ಕಳುವಾಗಬಹುದು. ಅವರು ಕೋಲಿನ ಮೇಲೆ ಗಲ್ಲ ಊರಿಕೊಂಡು ಹೇಳಿದರು: “ರೊಕ್ಕ ಐತೆ ಅಂತ ಗೊತ್ತಾದ್ರೆ ಬೀಗರು ಕೇಳ್ತಾರ, ತಮ್ಮ ಕೇಳ್ತಾನ. ಇಲ್ಲ ಅನ್ನಾಕ ಬಾಯಿ ಬರಲ್ಲ. ಕುರಿ ಮಾರಿ ಕೊಡ್ರಿ ಅಂತ ಯಾರೂ ಕೇಳಲ್ಲ.”

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ. ಕುರಿ ಅವರಿಗೆ ಬಡ್ಡಿ ಕೊಡುತ್ತದೆ, ಮರಿ ಹಾಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಬಂಧ ಕೆಡಿಸಿಕೊಳ್ಳದೆ ‘ಇಲ್ಲ’ ಅನ್ನುವ ದಾರಿ ಕೊಡುತ್ತದೆ. ಮನಸ್ಸು ಸಡಿಲವಾಗುವ ಗಳಿಗೆಯಲ್ಲಿ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಮಾರಬೇಕೆಂದರೆ ಸಂತೆಯ ದಿನ ಬರಬೇಕು, ಗಿರಾಕಿ ಬರಬೇಕು, ಮನೆಯವರು ಒಪ್ಪಬೇಕು. ಮನುಷ್ಯರು ದುಡ್ಡನ್ನೆಲ್ಲ ಒಂದೇ ಗಂಟಿನಲ್ಲಿ ಲೆಕ್ಕ ಹಾಕುವುದಿಲ್ಲ, ಮನಸ್ಸಿನಲ್ಲೇ ಬೇರೆ ಬೇರೆ ಗಂಟು ಕಟ್ಟಿಕೊಳ್ಳುತ್ತಾರೆ ಎಂದು ತೋರಿಸಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ಕುರಿಗಾಹಿಗಳ ಮಟ್ಟಿಗೆ ಕುರಿಯ ಗಂಟು ಬೇರೆ, ಬೀಜದ ಗಂಟು ಬೇರೆ, ಹಬ್ಬದ ಗಂಟು ಬೇರೆ.

ಹಾಗೆಂದು ಬ್ಯಾಂಕುಗಳು ಮನುಷ್ಯ ಸ್ವಭಾವವನ್ನು ಅರಿತದ್ದೇ ಇಲ್ಲ ಎನ್ನಲಾಗದು. ಈ ವಿದ್ಯೆಯ ಅತಿ ಸೊಗಸಾದ ಉದಾಹರಣೆ ನಮ್ಮ ಕನ್ನಡ ನೆಲದಲ್ಲೇ ಹುಟ್ಟಿತು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಸಾಕು. ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಒಯ್ಯುತ್ತಾರೆ.

ಆ ಯೋಜನೆಯ ಒಂದೊಂದು ಎಳೆಯನ್ನೂ ಬಿಡಿಸಿ ನೋಡಿ. ದಿನಗೂಲಿಯವರ ಕೈಗೆ ದುಡ್ಡು ದಿನವೂ ಬರುತ್ತದೆ, ದಿನವೂ ಕರಗುತ್ತದೆ. ಆದ್ದರಿಂದ ವಸೂಲಿಯೂ ದಿನವೇ. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚ. ಆದ್ದರಿಂದ ಬ್ಯಾಂಕೇ ಬೀದಿಗಿಳಿಯಿತು. ಎರಡಾಣೆ ಕೊಟ್ಟರೆ ಯಾರಾದರೂ ನಕ್ಕಾರು ಎಂಬ ಅಳುಕು. ಆದ್ದರಿಂದ ಎರಡಾಣೆಗೆ ಒಂದು ಗೌರವದ ಹೆಸರು, ಒಂದು ಪುಸ್ತಕ. ಅಂಗಡಿಯ ಗಲ್ಲಾಪೆಟ್ಟಿಗೆ ತುಂಬಿರುವ ಹೊತ್ತಿಗೆ ಪರಿಚಿತ ಮುಖವೊಂದು ಎದುರು ಬಂದು ನಿಂತರೆ ‘ನಾಳೆ ನೋಡೋಣ’ ಎನ್ನುವುದು ಕಷ್ಟ. ನಡುವೆ ಮುರಿದರೆ ಬಡ್ಡಿ ಹೋಗುತ್ತದೆ ಎಂಬ ಚಿಕ್ಕ ಬೇಲಿ ಬೇರೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಊರೂರಿನ ಪತ್ತಿನ ಸಂಘಗಳಲ್ಲಿ, ಹೊಸಪೇಟೆಯ ಹೂವಿನ ಅಂಗಡಿಯಿಂದ ಹಳ್ಳಿಯ ಮಿರ್ಚಿ ಬಂಡಿಯವರೆಗೆ ಇಂದಿಗೂ ಉಸಿರಾಡುತ್ತಿದೆ.

ಇಂಥ ಸೇವೆಗೆ ಬಡವರು ತಮ್ಮ ಕೈಯಿಂದ ದುಡ್ಡು ಕೊಡಲೂ ತಯಾರು. ವಿಜಯವಾಡದ ಕೊಳೆಗೇರಿಯಲ್ಲಿ ಮನೆಮನೆಗೆ ತಿರುಗಿ ಉಳಿತಾಯ ಸಂಗ್ರಹಿಸುತ್ತಿದ್ದ ಮಹಿಳೆಯೊಬ್ಬರ ಲೆಕ್ಕವನ್ನು ಸಂಶೋಧಕ ಸ್ಟುವರ್ಟ್ ರುದರ್‌ಫೋರ್ಡ್ ದಾಖಲಿಸಿದ್ದಾರೆ. ದಿನಕ್ಕೆ 5 ರೂಪಾಯಿಯಂತೆ 220 ಸಲ ಕಟ್ಟಿದರೆ 1,100. ವಾಪಸು ಸಿಗುವುದು 1,000. ಬಡ್ಡಿ ಸಿಗುವ ಬದಲು ನೂರು ರೂಪಾಯಿ ಕಡಿಮೆ! ಆದರೂ ಹೆಂಗಸರು ಸಾಲುಗಟ್ಟಿ ಕಟ್ಟಿದರು. ಬಾಗಿಲಿಗೆ ಬರುವ ಆ ನಂಬಿಕೆಯ ಕೈ ಇಲ್ಲದಿದ್ದರೆ ಸಾವಿರ ರೂಪಾಯಿಯ ಇಡುಗಂಟು ತಮ್ಮ ಜೀವನದಲ್ಲಿ ಕೂಡುವುದೇ ಇಲ್ಲ ಎಂದು ಅವರಿಗೆ ಗೊತ್ತಿತ್ತು.

ಸಂಘದ ಬಲವೂ ಇಂಥದ್ದೇ. 1980ರ ದಶಕದ ನಡುಭಾಗದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬುವ ಹತ್ತು-ಹದಿನೈದು ಜನ ತಾವೇ ಚಿಕ್ಕ ಗುಂಪಾಗಿ ಕೂಡಿ ವ್ಯವಹಾರ ಮಾಡತೊಡಗಿದರು. ಆ ಗುಂಪುಗಳನ್ನು ಒಡಕು ಎನ್ನದೆ ಅವುಗಳಲ್ಲಿದ್ದ ನಂಟನ್ನು ಗುರುತಿಸಿದ್ದು ಮೈರಾಡದ ದೊಡ್ಡತನ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಹೆಸರು ಕೂಗಿ ಎಲ್ಲರೆದುರು ಬರೆಯುವ ಆ ಪುಸ್ತಕವೇ ಸಂಘದ ಜೀವ. ನನ್ನ ಉಳಿತಾಯವನ್ನು ನನ್ನ ಓಣಿಯವರು ನೋಡಿದರು ಎಂಬ ಹೆಮ್ಮೆ, ತಪ್ಪಿಸಿದರೆ ಏನೆಂದಾರು ಎಂಬ ನಾಚಿಕೆ, ಎರಡೂ ಸೇರಿ ವಾರವಾರವೂ ಗಂಟು ಬಿಚ್ಚಿಸುತ್ತವೆ.

ಆದರೆ ಆ ನಾಚಿಕೆಯೇ ಕುತ್ತಿಗೆಗೆ ಬಂದದ್ದನ್ನೂ ನಾವು ಕಂಡಿದ್ದೇವೆ. ಓಣಿಯ ನಂಬಿಕೆಯಿಂದ ಹುಟ್ಟಿದ ಗುಂಪಿನ ರೂಪವನ್ನು ಕಿರುಸಾಲ ಕೊಡುವವರು ಎರವಲು ಪಡೆದರು. ಒಬ್ಬರು ಕಟ್ಟದಿದ್ದರೆ ಉಳಿದವರನ್ನು ಆಕೆಯ ಮನೆ ಮುಂದೆ ಕೂರಿಸಿದ್ದು, ಹೊತ್ತು ಮುಳುಗಿದರೂ ಏಳದೆ ಕೂತದ್ದು ರಾಜ್ಯದ ಹಲವೆಡೆಯಿಂದ ವರದಿಯಾಯಿತು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ, ಅದರ ಕಂತಿಗೆ ಮತ್ತೊಂದು. 2022ರಲ್ಲೇ ರಿಸರ್ವ್ ಬ್ಯಾಂಕ್, ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು ಎಂದು ಕಟ್ಟಳೆ ಮಾಡಿತ್ತು. ಆದರೂ ಜೀವಗಳು ಹೋದವು, ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೊನೆಗೆ 2025ರ ಫೆಬ್ರುವರಿ 12ರಂದು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬೇಕಾಯಿತು. ಮನುಷ್ಯ ಸ್ವಭಾವದ ಅರಿವು ಹರಿತವಾದ ಕುಡಗೋಲು. ಬೆಳೆಯನ್ನೂ ಕೊಯ್ಯಬಹುದು, ಕೈಯನ್ನೂ ಕೊಯ್ಯಬಹುದು. ಗೆಲ್ಲುವ ಆಸೆಯನ್ನು, ಕಳೆದದ್ದನ್ನು ಮರಳಿ ಪಡೆವ ಹಟವನ್ನು ಚೆನ್ನಾಗಿ ಓದಿಕೊಂಡೇ ಆನ್‌ಲೈನ್ ರಮ್ಮಿಯಂಥ ಆಟಗಳು ನಮ್ಮ ಹುಡುಗರ ಜೇಬು ಬರಿದು ಮಾಡಿದವು; ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು.

ಸಂಡೂರಿನವರಿಗೆ ಇನ್ನೊಂದು ಪಾಠ ಮರೆಯಲಾಗದ್ದು. ಅದಿರಿಗೆ ಚೀನಾದಿಂದ ಬೇಡಿಕೆ ಬಂದ ಆ ವರ್ಷಗಳಲ್ಲಿ ಹೊಸಪೇಟೆ, ಸಂಡೂರಿನ ಎಷ್ಟೋ ಮನೆಗಳ ಮುಂದೆ ಸಾಲದ ಲಾರಿ ಬಂದು ನಿಂತಿತು. ಪಕ್ಕದ ಮನೆಯವನ ಲಾರಿ ದಿನಕ್ಕೆ ಇಷ್ಟು ಟ್ರಿಪ್ ಹೊಡೆಯುವುದನ್ನು ಕಣ್ಣಾರೆ ಕಂಡವನಿಗೆ, ಇದು ಹೀಗೇ ಇರುತ್ತದೆ ಅನ್ನಿಸುವುದು ಸಹಜ. ನಿನ್ನೆ ಮೊನ್ನೆ ಕಂಡದ್ದೇ ನಾಳೆಯೂ ಎಂದು ನಂಬುವುದು ಮನುಷ್ಯನ ಗುಣ. ದುಃಖದ ಸಂಗತಿಯೆಂದರೆ, ನಾಳೆಯ ಅಪಾಯ ಅಳೆಯುವುದೇ ಕಸುಬಾಗಿದ್ದ ಸಾಲ ಕೊಟ್ಟವರೂ ಹಾಗೇ ನಂಬಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಟ್ರಿಪ್ ಹೆಚ್ಚಿದ ತಿಂಗಳು ಹೆಚ್ಚು ಕಟ್ಟಿಸಿಕೊಂಡು, ಅದರಲ್ಲೊಂದು ಪಾಲನ್ನು ಬರಗಾಲಕ್ಕೆಂದು ಎತ್ತಿಡುವ ಒಂದು ಸಾಲು ಆ ಕರಾರುಗಳಲ್ಲಿ ಇದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಬೇಸಾಯದ ದುಡ್ಡಿಗೂ ಇದೇ ಮಾತು. ಕೆನ್ಯಾದಲ್ಲಿ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ರೈತರಿಗೆ ರಿಯಾಯಿತಿ ಬೆಲೆಯ ಮಾತೇ ಆಡದೆ, ಸುಗ್ಗಿಯ ದುಡ್ಡು ಕೈಯಲ್ಲಿರುವಾಗಲೇ ಮುಂದಿನ ಬಿತ್ತನೆಯ ಗೊಬ್ಬರ ಕೊಂಡರೆ ಮನೆಗೆ ಉಚಿತವಾಗಿ ತಲುಪಿಸುತ್ತೇವೆ ಎಂದಷ್ಟೇ ಹೇಳಿದರು. ಗೊಬ್ಬರ ಬಳಸುವವರ ಸಂಖ್ಯೆ ಚೆನ್ನಾಗಿ ಏರಿತು. ನಮ್ಮಲ್ಲಿ ಬಿತ್ತನೆಯ ಹೊತ್ತಿಗೆ ಕೈ ಖಾಲಿಯಾಗಿ, ದಲ್ಲಾಳಿ ಅಂಗಡಿಯಲ್ಲಿ ಬೀಜ-ಗೊಬ್ಬರ ಉದ್ರಿ ತಂದು, ಮುಂದೆ ಆತ ಹೇಳಿದ ದರಕ್ಕೆ ಮಾಲು ಹಾಕುವವರಿದ್ದಾರೆ. ಸುಗ್ಗಿಯ ದಿನ ಖಾತೆಗೆ ಹಣ ಬಿದ್ದ ಕೂಡಲೇ ‘ಬೀಜ-ಗೊಬ್ಬರದ ಗಂಟಿಗೆ ಎಷ್ಟು ಎತ್ತಿಡಲಿ?’ ಎಂದು ಕೇಳುವ ಒಂದು ಕರೆ ಬಂದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಸಹಕಾರ ಸಂಘಗಳ 5 ಲಕ್ಷ ರೂಪಾಯಿವರೆಗಿನ ಶೂನ್ಯ ಬಡ್ಡಿ ಬೆಳೆಸಾಲ ದೊಡ್ಡ ಉಪಕಾರ. ಆದರೆ ಗಡುವು ಸುಗ್ಗಿಗೆ ಹೊಂದದೆ ಹೋದಾಗ ರೈತ ಎಂಟು ದಿನದ ಮಟ್ಟಿಗೆ ಕೈಬಡ್ಡಿಗೆ ತಂದು ಕಟ್ಟಿ, ಮತ್ತೆ ಸಾಲ ಎತ್ತಿ ಅದನ್ನು ತೀರಿಸುತ್ತಾನೆ. ಶೂನ್ಯ ಬಡ್ಡಿಯ ಸಾಲಕ್ಕೆ ಬಡ್ಡಿ ತೆತ್ತ ಹಾಗಾಯಿತು.

ಬೆಳೆ ವಿಮೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2 ಮಾತ್ರ. ಆದರೂ ಕಟ್ಟಲು ಮನಸ್ಸಾಗದು. ಬರುವ ಲಾಭದ ಸಂತೋಷಕ್ಕಿಂತ ಕಳೆದುಕೊಳ್ಳುವ ಸಂಕಟ ಮನಸ್ಸಿಗೆ ಹೆಚ್ಚು ಭಾರ ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಎಮಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ಪರಿಹಾರ ನಿಗದಿಯಾಗುವುದು ಗ್ರಾಮ ಪಂಚಾಯಿತಿ ಮಟ್ಟದ ಇಳುವರಿಯ ಮೇಲಾದಾಗ, ತನ್ನ ಹೊಲ ಒಣಗಿಯೂ ಏನೂ ಬಾರದ ರೈತ ಮೋಸವಾಯಿತೆಂದೇ ತಿಳಿಯುತ್ತಾನೆ. ಆ ಮಾತು ಕಟ್ಟೆಯ ಮೇಲೆ ಹತ್ತು ಜನರಿಗೆ ಮುಟ್ಟುತ್ತದೆ. ಕಟ್ಟಿಸಿಕೊಳ್ಳುವಾಗಲೇ ಈ ನಿಯಮವನ್ನು ಕನ್ನಡದಲ್ಲಿ, ಊರವರು ನಂಬುವ ಒಬ್ಬರ ಬಾಯಿಂದ ಹೇಳಿಸಬೇಕು. ಆಂಧ್ರದಲ್ಲಿ ಮಳೆ ವಿಮೆಯ ಪ್ರಯೋಗ ನಡೆದಾಗ, ಪರಿಚಿತ ಸಂಸ್ಥೆಯವರು ಜೊತೆಗೆ ನಿಂತು ಹೇಳಿದ ಮನೆಗಳಲ್ಲಿ ಕೊಂಡವರು ಹೆಚ್ಚಾಗಿದ್ದರು.

ಒಳ್ಳೆಯ ವಿನ್ಯಾಸ ದುಬಾರಿಯಾಗಬೇಕಿಲ್ಲ. ಚಹಾ ಅಂಗಡಿಯ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆ ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕನ್ನಡದಲ್ಲಿ ಕೂಗಿದ ದಿನ, ಓದು ಬಾರದ ಅಂಗಡಿಯವ್ವನಿಗೂ ಮೊಬೈಲ್ ಹಣದ ಮೇಲೆ ನಂಬಿಕೆ ಬಂತು. ಅದೇ ರೀತಿ ಉಳಿತಾಯದ ದಾರಿ ನುಣುಪಾಗಿರಲಿ. ಸಾಲದ ದಾರಿಯಲ್ಲಿ, ಅದರಲ್ಲೂ ಎರಡನೇ ಸಾಲದ ದಾರಿಯಲ್ಲಿ, ಒಂದು ರಾತ್ರಿ ಮಲಗಿ ಎದ್ದು ಯೋಚಿಸುವಷ್ಟು ತಡೆ ಇರಲಿ. ಕಂತಿನ ದಿನವನ್ನು ಆರಿಸುವ ಹಕ್ಕು ಕಟ್ಟುವವರದಾಗಿರಲಿ. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಅದರ ಪ್ರಧಾನ ಕಚೇರಿ ನಮ್ಮ ಬಳ್ಳಾರಿಯಲ್ಲೇ ಇದೆ. ಹೊಸ ಯೋಜನೆ ಬರೆಯುವವರು ಅಲ್ಲಿಂದ ಬಸ್ಸು ಹತ್ತಿ ಬಂಡ್ರಿಗೋ ಯಾವುದಾದರೂ ತಾಂಡಾಕ್ಕೋ ಬಂದು, ಒಂದು ಸುಗ್ಗಿ, ಒಂದು ಬಿತ್ತನೆ ಜನರ ಜೊತೆ ಕೂತು ನೋಡಲಿ ಎಂಬುದು ನನ್ನ ಪ್ರೀತಿಯ ಒತ್ತಾಯ.

ಸಭೆ ಮುಗಿದು ಚಾಪೆ ಸುತ್ತುವಾಗ ಆ ತಾಯಿಯನ್ನು ಕೇಳಿದೆ: “ಬೆಳಿಗ್ಗೆ ಅಷ್ಟೂ ಯಾಕೆ ತೆಗೆದ್ರಿ ಯವ್ವಾ? ಬ್ಯಾಂಕಿನಾಗೂ ಸ್ವಲ್ಪ ಇರಬಹುದಿತ್ತಲ್ಲ?” ಆಕೆ ಸುತ್ತ ನೋಡಿ ದನಿ ತಗ್ಗಿಸಿದರು. “ಇಟ್ರೆ ಮೆಸೇಜು ಮಗನ ಫೋನಿಗೆ ಹೋಗ್ತೈತಪ್ಪಾ. ಎಷ್ಟೈತೆ ಅಂತ ನನಗಿಂತ ಮೊದಲು ಅವನಿಗೆ ಗೊತ್ತಾಗ್ತೈತೆ.”

ಖಾತೆ ತೆರೆಯುವ ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಗೆ ಒಂದು ಕಾಲಂ ಇರುತ್ತದೆ. ಅಂದು ಅದನ್ನು ತುಂಬಿದವರು, ಈ ಫೋನು ಯಾರ ಕೈಯಲ್ಲಿರುತ್ತದೆ ಎಂದು ಆಕೆಯನ್ನು ಕೇಳಿರಲಿಲ್ಲ.